ಕ್ಯಾಂಪರ್ ವ್ಯಾನ್ ಕೆಟ್ಟರೆ ದಾವಣಗೆರೆಯಲ್ಲಿ ಯಾರು ನೋಡುತ್ತಾರೆ?

ಪ್ರಶ್ನೆ: ನಾನು ದಾವಣಗೆರೆಯವನು, ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತನಾಗಿದ್ದೇನೆ. ನಾನೂ ನನ್ನಾಕೆಯೂ ಒಂದಷ್ಟು ಊರು ಸುತ್ತೋಣ ಅಂತ, ಒಳಗೇ ಮಂಚ, ಅಡುಗೆಮನೆ ಇರುವ ಕ್ಯಾಂಪರ್ ವ್ಯಾನ್ ನೋಡುತ್ತಿದ್ದೇವೆ. ಬೆಂಗಳೂರಿನಲ್ಲಿ ಗಾಡಿಗಳಿಗೆ ಬಾಡಿ ಕಟ್ಟುವ ಒಬ್ಬ ಬಾಡಿ ಬಿಲ್ಡರ್ ಹೊಸ ಟಿಟಿ (ಟೆಂಪೊ ಟ್ರಾವೆಲರ್) ಮೇಲೆ ಕಟ್ಟಿಕೊಡಲು 31 ಲಕ್ಷ ಹೇಳಿದ್ದಾರೆ, ಮೂರು ವರ್ಷ ಫುಲ್ ವಾರಂಟಿ ಅಂತಾರೆ. ಪುಣೆಯಲ್ಲಿ ನಾಲ್ಕು ವರ್ಷ ಹಳೆಯದು 18 ಲಕ್ಷಕ್ಕೆ ಇದೆ. ಕೆಟ್ಟರೆ ನಮ್ಮೂರಲ್ಲಿ ನೋಡುವವರು ಯಾರು? ಆ ವಾರಂಟಿಯನ್ನು ನಂಬಬಹುದಾ? ಸುಮ್ನೆ ನಿಂತಿರುವ ದಿನಗಳಲ್ಲಿ ಬಾಡಿಗೆಗೆ ಬಿಡೋಣ ಅಂತಾನೆ ಮಗ, ಅದು ಸರಿಯಾ?

ಉತ್ತರ:

ಮೇಷ್ಟ್ರೇ, ಜಾಸ್ತಿ ಜನ ಮೊದಲು ಹಾಸಿಗೆ ಎಷ್ಟು ಅಗಲ, ಟಿವಿ ಎಷ್ಟು ಇಂಚು ಅಂತ ಕೇಳುತ್ತಾರೆ. ಕೆಟ್ಟರೆ ಯಾರು ನೋಡುತ್ತಾರೆ ಅನ್ನುವ ಪ್ರಶ್ನೆ ಅವರಿಗೆ ಹೊಳೆಯುವುದು ಹೆದ್ದಾರಿ ಪಕ್ಕ ಬಾನೆಟ್ ಎತ್ತಿ ನಿಂತಾಗ. ನೀವು ದುಡ್ಡು ಕೊಡುವ ಮೊದಲೇ ಕೇಳಿದ್ದೀರಿ, ಒಳ್ಳೆಯದಾಯಿತು.

ನೇರವಾಗಿ ಹೇಳಿಬಿಡುತ್ತೇನೆ. ಗಾಡಿ ಕೆಟ್ಟರೆ ದಾವಣಗೆರೆಯಲ್ಲಿ ನೋಡುವವರು ಬೇಕಾದಷ್ಟು ಜನ ಇದ್ದಾರೆ. ಗಾಡಿಯೊಳಗಿನ ಮನೆ ಕೆಟ್ಟರೆ ಅದನ್ನು ಕಟ್ಟಿದವನೇ ನೋಡಬೇಕು, ಅವನು ಇರುವುದು 265 ಕಿಲೋಮೀಟರ್ ದೂರದಲ್ಲಿ. ಹಾಗಾಗಿ ವಾರಂಟಿ ಎಷ್ಟು ವರ್ಷ ಅಂತ ಕೇಳುವುದಕ್ಕಿಂತ, ಕೆಟ್ಟ ದಿನ ಯಾರು ಯಾರ ಹತ್ತಿರ ಬರುತ್ತಾರೆ, ಬರುವ ಖರ್ಚು ಯಾರದು ಅಂತ ಕೇಳಿ. ಮೂರು ವರ್ಷ ವಾರಂಟಿ ಅಂದವನು ಒಂದು ಕೆಟ್ಟ ಪಂಪ್ ಬದಲಾಯಿಸಲು ಗಾಡಿ ಬೆಂಗಳೂರಿಗೆ ತಗೊಂಡು ಬನ್ನಿ ಅಂದರೆ, ಹೋಗಿ ಬರುವ ಡೀಸೆಲ್, ಟೋಲ್ ಸೇರಿ ಪಂಪಿನ ಬೆಲೆ ದಾಟುತ್ತದೆ. ನೀವೇ ಬೇಡ ಬಿಡಿ ಅಂತೀರಿ. ಅವನಿಗೂ ಅದು ಗೊತ್ತು.

ಇನ್ನು ಆ ಫುಲ್ ವಾರಂಟಿ ಅನ್ನುವ ಮಾತು. ಕ್ಯಾಂಪರ್ ವ್ಯಾನಿಗೆ ಅಂತ ಒಂದು ವಾರಂಟಿ ಇರುವುದಿಲ್ಲ, ಮೂರು ಇರುತ್ತವೆ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಬ್ರೇಕ್ ಇವೆಲ್ಲ ಗಾಡಿ ಕಂಪನಿಯದು. ಮರದ ಕೆಲಸ, ವೈರಿಂಗ್, ನೀರಿನ ಪೈಪು, ಮೇಲಿನ ಕಿಟಕಿ ಇವು ಬಾಡಿ ಬಿಲ್ಡರದು. ಎಸಿ, ಫ್ರಿಡ್ಜ್, ಇನ್ವರ್ಟರ್, ಬ್ಯಾಟರಿ, ಸೋಲಾರ್ ಪ್ಯಾನೆಲ್ ಇವು ಒಂದೊಂದು ಒಂದೊಂದು ಕಂಪನಿಯದು, ಅವುಗಳ ಬಿಲ್ಲು ಬಾಡಿ ಬಿಲ್ಡರ ಹೆಸರಿನಲ್ಲಿರುತ್ತದೆ. ಈ ಕೊನೆಯದನ್ನು ಸ್ವಲ್ಪ ಗಮನಿಸಿ. ಬಿಲ್ಲು ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ಬ್ಯಾಟರಿ ಕಂಪನಿಯವರಿಗೆ ನೀವು ಯಾರೋ ಏನೋ.

ಹೊಲದ ಬದುವಿಗಾದರೆ ಎರಡೂ ಕಡೆಯವರು ನನ್ನದು ನನ್ನದು ಅಂತ ಜಗಳ ಆಡುತ್ತಾರೆ. ಈ ವಾರಂಟಿಗಳ ನಡುವಿನ ಬದುವಿನಲ್ಲಿ ಮಾತ್ರ ಮೂವರೂ ನನ್ನದಲ್ಲ ಅಂತಾರೆ.

ಹೋದ ಬೇಸಿಗೆಯಲ್ಲಿ ಚಿತ್ರದುರ್ಗದ ನಮ್ಮ ವರ್ಕ್‌ಶಾಪಿಗೆ ಬಂದ ಒಂದು ವ್ಯಾನಿನ ಕಥೆ ಹೇಳುತ್ತೇನೆ, ಬದು ಅಂದರೆ ಏನು ಅಂತ ಗೊತ್ತಾಗುತ್ತದೆ. ತೊಂದರೆ ಇಷ್ಟೇ. ಎಸಿ ಹಾಕಿದ ಕೂಡಲೇ ಇನ್ವರ್ಟರ್ ಕೀಂ ಅಂತ ಕೂಗಿ ಆಫ್ ಆಗುತ್ತಿತ್ತು. ಕಟ್ಟಿದವರು ಬ್ಯಾಟರಿ ಹೋಗಿದೆ ಅಂದರು. ಬ್ಯಾಟರಿಯವರು ಚೆಕ್ ಮಾಡಿ ಬ್ಯಾಟರಿ ಸರಿ ಇದೆ, ಇನ್ವರ್ಟರ್ ನೋಡಿ ಅಂದರು. ಇನ್ವರ್ಟರಿನವರು ಬೇರೆ ಬ್ಯಾಟರಿಗೆ ಕೊಟ್ಟು ಓಡಿಸಿ ತೋರಿಸಿ ನಮ್ಮದೂ ಸರಿ ಇದೆ ಅಂದರು. ಎಲ್ಲರೂ ಸತ್ಯವನ್ನೇ ಹೇಳಿದ್ದರು, ಅದೇ ತಮಾಷೆ. ನಮ್ಮ ಹುಡುಗ ಮಂಚದ ಹಲಗೆ ಬಿಚ್ಚಿ, ಎಸಿ ಓಡುವಾಗ ಮೀಟರ್ ಹಿಡಿದ. ಬ್ಯಾಟರಿಯ ತಲೆಯಲ್ಲಿ 13 ವೋಲ್ಟ್ ಇದೆ, ಅದೇ ಹೊತ್ತಿನಲ್ಲಿ ಇನ್ವರ್ಟರಿನ ಬಾಯಲ್ಲಿ 12ಕ್ಕಿಂತ ಕಡಿಮೆ. ನಡುವೆ ಇದ್ದದ್ದು 16 ಸ್ಕ್ವೇರ್ ಎಂಎಂ ವೈರು, ಹೋಗಿ ಬರುವುದು ಸೇರಿ ಎಂಟು ಮೀಟರ್. 12 ವೋಲ್ಟಿನಲ್ಲಿ ಒಂದು ಕಿಲೋವ್ಯಾಟ್ ಎಳೆಯಬೇಕು ಅಂದರೆ ಸುಮಾರು 90 ರಿಂದ 100 ಆಂಪಿಯರ್ ಹರಿಯಬೇಕು, ಅಷ್ಟು ಹರಿದರೆ ಆ ವೈರಿನಲ್ಲೇ ಒಂದು ವೋಲ್ಟಿನ ಹತ್ತಿರ ಕಳೆದುಹೋಗುತ್ತದೆ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಇನ್ವರ್ಟರ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ವೈರಿನ ಒಂದು ತುದಿಗೆ ಹಾಕುವ ಲೋಹದ ಲಗ್ಗನ್ನು ಅದರದೇ ಉಪಕರಣದಲ್ಲಿ ಒತ್ತಿ ಕ್ರಿಂಪ್ ಮಾಡುವ ಬದಲು ಇಕ್ಕಳದಲ್ಲಿ ಅಮುಕಿದ್ದರು, ಅದರ ಪಕ್ಕದ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಅದರ ಮೇಲೆ ಅವರು ಮಲಗುತ್ತಿದ್ದರು. 50 ಸ್ಕ್ವೇರ್ ಎಂಎಂ ಕೇಬಲ್ ಹಾಕಿ, ಲಗ್ ಸರಿಯಾಗಿ ಒತ್ತಿ, ಬ್ಯಾಟರಿ ಪಕ್ಕದಲ್ಲೇ ಒಂದು ಫ್ಯೂಸ್ ಕೂರಿಸಿದೆವು. ಕೂಗು ನಿಂತಿತು.

ಆ ವೈರು ಯಾರ ವಾರಂಟಿಯಲ್ಲಿತ್ತು? ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಹಾಗಾಗಿ ನಿಮ್ಮ ಬಾಡಿ ಬಿಲ್ಡರ ಹತ್ತಿರ ಅಡ್ವಾನ್ಸ್ ಕೊಡುವ ಮೊದಲು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ವಾಟ್ಸಾಪ್ ಮಾತು ಬೇಡ. ವೈರಿಂಗ್, ಪೈಪ್, ಸೀಲಿಂಗ್, ಮರದ ಕೆಲಸ, ಕಿಟಕಿ, ಬಾಗಿಲು ಇವುಗಳಿಗೆಲ್ಲ ಎಷ್ಟು ತಿಂಗಳು ಅಂತ ಹೆಸರು ಹಿಡಿದು ಇರಲಿ. ಎಸಿ, ಬ್ಯಾಟರಿ, ಇನ್ವರ್ಟರ್ ಬಿಲ್ಲುಗಳು ಸೀರಿಯಲ್ ನಂಬರ್ ಸಮೇತ ನಿಮ್ಮ ಹೆಸರಿಗೆ ಬರಲಿ. ದಾವಣಗೆರೆಯಲ್ಲೇ ಸ್ಥಳೀಯ ಎಲೆಕ್ಟ್ರಿಷಿಯನ್ ಕೈಯಲ್ಲಿ ರಿಪೇರಿ ಮಾಡಿಸಿದರೆ ಇಂತಿಷ್ಟು ರೂಪಾಯಿವರೆಗೆ ಬಿಲ್ ನೋಡಿ ಕೊಡುತ್ತೇವೆ, ಅದರಿಂದ ವಾರಂಟಿ ಹೋಗುವುದಿಲ್ಲ ಅಂತ ಒಂದು ಸಾಲು ಬರೆಯಲು ಹೇಳಿ. ಈ ಒಂದು ಸಾಲಿಗೆ ಅವರು ಮುಖ ಹೇಗೆ ಮಾಡುತ್ತಾರೆ ನೋಡಿ, ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ. ತಾವು ಮಾಡಿದ ಕೆಲಸದ ಮೇಲೆ ನಂಬಿಕೆ ಇರುವವರು ಒಪ್ಪುತ್ತಾರೆ, ಅವರಿಗೂ ಹುಡುಗರನ್ನು ದಾವಣಗೆರೆಗೆ ಕಳಿಸುವುದಕ್ಕಿಂತ ಅಗ್ಗ. ಜೊತೆಗೆ ವೈರಿಂಗ್ ನಕ್ಷೆ ಒಂದು ಪ್ರತಿ ಕೇಳಿ. ಯಾವ ಫ್ಯೂಸ್ ಯಾವುದಕ್ಕೆ, ಯಾವ ವೈರು ಎಲ್ಲಿ ಹೋಗಿದೆ, ಪೈಪಿನ ಜಾಯಿಂಟ್ ಎಲ್ಲೆಲ್ಲಿ. ಫೈಬರ್ ಶೀಟ್ ಮುಚ್ಚುವ ಮೊದಲು ನೀವೇ ಹೋಗಿ ಗೋಡೆಗಳ ಫೋಟೊ ತೆಗೆದುಕೊಂಡು ಬನ್ನಿ. ನಕ್ಷೆ ಇದ್ದರೆ ಪಿಬಿ ರಸ್ತೆಯ ಯಾವ ಒಳ್ಳೆ ಆಟೊ ಎಲೆಕ್ಟ್ರಿಷಿಯನ್ ಬೇಕಾದರೂ ನೋಡುತ್ತಾನೆ. ನಕ್ಷೆ ಇಲ್ಲದಿದ್ದರೆ ಅವನೂ ಕೈ ಎತ್ತುತ್ತಾನೆ.

ಗಾಡಿ ಕಂಪನಿಯ ವಾರಂಟಿ ವಿಷಯಕ್ಕೆ ಬರೋಣ. ಹೊರಗೆ ಕೆಲಸ ಮಾಡಿಸಿದ ಮಾತ್ರಕ್ಕೆ ಎಂಜಿನ್ ವಾರಂಟಿ ಹೋಯಿತು ಅಂತ ಸಾಮಾನ್ಯವಾಗಿ ಇರುವುದಿಲ್ಲ. ಆ ಬದಲಾವಣೆಯಿಂದ ಆದ ತೊಂದರೆಗೆ ನಾವು ಹೊಣೆ ಅಲ್ಲ ಅಂತ ಇರುತ್ತದೆ. ಆದರೆ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂತ ಹುಡುಗ ಮಂಚ, ಸಿಂಕು ನೋಡಿದ ಕೂಡಲೇ ಸರ್ ಇದು ಮಾಡಿಫಿಕೇಶನ್ ಅಂತಾನೆ. ಅವನಿಗೆ ದಾರಿ ಮಾಡಿಕೊಡುವ ಕೆಲಸಗಳು ಎರಡು ಮೂರು ಇವೆ. ಗಾಡಿಯ ಮೂಲ ವೈರಿಂಗ್ ಕತ್ತರಿಸಿ ಅದರಿಂದ ಕರೆಂಟ್ ತೆಗೆದಿರುವುದು, ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಆಲ್ಟರ್ನೇಟರಿಗೆ ನೇರ ದೊಡ್ಡ ಬ್ಯಾಟರಿ ಜೋಡಿಸಿರುವುದು, ತೂಕ ಮೀರಿಸಿರುವುದು. ಎಂಜಿನ್ ಓಡುವಾಗ ಗಾಡಿಯೊಳಗಿನ ಮನೆಯ ಬ್ಯಾಟರಿ ಚಾರ್ಜ್ ಆಗಬೇಕು ಅಂದರೆ ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಇರಲೇಬೇಕು. ಲಿಥಿಯಂ ಬ್ಯಾಟರಿ ಖಾಲಿ ಇದ್ದಾಗ ಸಿಕ್ಕಷ್ಟೂ ಎಳೆಯುತ್ತದೆ, ಆಲ್ಟರ್ನೇಟರ್ ಸುಟ್ಟುಹೋಗುತ್ತದೆ, ಆಗ ಕಂಪನಿಯವರು ಕೊಡುವುದಿಲ್ಲ ಅಂದರೆ ಅವರದೂ ತಪ್ಪಲ್ಲ. ಗಾಡಿ ಕೊಳ್ಳುವಾಗಲೇ ದಾವಣಗೆರೆಯ ಡೀಲರಿಗೆ ಒಂದು ಇಮೇಲ್ ಹಾಕಿ: ಇಂಥವರ ಹತ್ತಿರ ಇಂಥ ಕೆಲಸ ಮಾಡಿಸುತ್ತಿದ್ದೇನೆ, ವಾರಂಟಿಗೆ ಏನು ಷರತ್ತು ತಿಳಿಸಿ. ಉತ್ತರ ಇಮೇಲಿನಲ್ಲೇ ಬರಲಿ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ವಾರಂಟಿ, ಫ್ರೀ ಸರ್ವಿಸ್ ಎರಡೂ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು. ಬಾಡಿಗೆ ಟಿಟಿಗೆ ಕಿಲೋಮೀಟರ್ ಮೊದಲು ಮುಗಿಯುತ್ತದೆ. ನಿಮ್ಮ ವ್ಯಾನಿಗೆ ತಿಂಗಳು ಮೊದಲು ಮುಗಿಯುತ್ತದೆ. ಅದರಲ್ಲೂ ಗಾಡಿ ಬಿಲ್ಲಾದ ಮೇಲೆ ಕಟ್ಟುವವರ ಶೆಡ್ಡಿನಲ್ಲಿ ನಾಲ್ಕೈದು ತಿಂಗಳು ನಿಂತರೆ ಅಷ್ಟೂ ವಾರಂಟಿ ಶೆಡ್ಡಿನಲ್ಲೇ ಕರಗುತ್ತದೆ. ಗಾಡಿ ಯಾವ ತಾರೀಖಿಗೆ ಬಿಲ್ಲಾಗಬೇಕು, ಕೆಲಸ ಯಾವ ತಾರೀಖಿಗೆ ಮುಗಿಯಬೇಕು, ತಡವಾದರೆ ಏನು ಅಂತ ಮೊದಲೇ ಮಾತಾಡಿ. ಓಡಿಸಿಲ್ಲ ಅಂತ ಸರ್ವಿಸ್ ತಪ್ಪಿಸಬೇಡಿ. ಆಯಿಲ್ ನಿಂತಲ್ಲೇ ಹಳೆಯದಾಗುತ್ತದೆ, ವಾರಂಟಿ ಪುಸ್ತಕದಲ್ಲಿ ಒಂದು ಸೀಲು ಇಲ್ಲ ಅನ್ನುವುದೇ ಕ್ಲೇಮ್ ತಿರಸ್ಕರಿಸಲು ಸಾಕು.

ಯಾವ ಗಾಡಿ ಮೇಲೆ ಕಟ್ಟಿಸಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಫೋರ್ಸ್ ಟ್ರಾವೆಲರ್ ಅಥವಾ ಟಾಟಾ ವಿಂಗರ್ ಇದ್ದರೆ ನಮ್ಮ ಕಡೆ ಯೋಚನೆ ಇಲ್ಲ. ಮದುವೆ ದಿಬ್ಬಣಕ್ಕೆ, ಧರ್ಮಸ್ಥಳಕ್ಕೆ, ಶಾಲೆಗೆ, ಆಂಬುಲೆನ್ಸಿಗೆ ಓಡುವುದು ಇವೇ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಬೇರಿಂಗು ಅಂಗಡಿಯಲ್ಲೇ ಇರುತ್ತದೆ, ಹರಿಹರದಲ್ಲೋ ಹಿರಿಯೂರಿನಲ್ಲೋ ಕೆಟ್ಟರೂ ಇದನ್ನು ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾನೆ. ಅರ್ಬೇನಿಯಾ ಓಡಿಸಲು ಸುಖವಾಗಿದೆ, ಒಳಗೆ ಸದ್ದೂ ಕಡಿಮೆ, ಆದರೆ ಎಲೆಕ್ಟ್ರಾನಿಕ್ಸ್ ಜಾಸ್ತಿ. ಸ್ಕ್ಯಾನರ್ ಇರುವ ಕಂಪನಿ ಸರ್ವಿಸ್ ಸೆಂಟರನ್ನೇ ನೆಚ್ಚಬೇಕು. ಗುಜರಿಯಿಂದ ತಂದ ಹಳೆ ವಿದೇಶಿ ವ್ಯಾನು ಚೆನ್ನಾಗಿ ಕಾಣುತ್ತದೆ, ಫೋಟೊಗೆ ಒಳ್ಳೆಯದು, ನೀವು ಹತ್ತಿರ ಸುಳಿಯಬೇಡಿ.

ಕಾಗದಪತ್ರದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ವಾರಂಟಿ ಕೈಕೊಟ್ಟರೆ ದುಡ್ಡು ಹೋಗುತ್ತದೆ, ಆರ್‌ಸಿ ಕೈಕೊಟ್ಟರೆ ಗಾಡಿಯೇ ಹೋಗುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಬದಲಾವಣೆಗೆ ಅವಕಾಶ ಕೊಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಹಾಗಾದರೆ ಕ್ಯಾಂಪರ್ ವ್ಯಾನ್ ಹೇಗೆ ಅಂದರೆ, ಅದಕ್ಕೆ ಬೇರೆ ದಾರಿ ಇದೆ. ಎಐಎಸ್-124 ಅಂತ ಮೋಟಾರ್ ಕ್ಯಾರವಾನುಗಳಿಗೇ ಮಾಡಿದ ಮಾನದಂಡ ಇದೆ. ಕಟ್ಟುವವರು ತಮ್ಮ ಮಾದರಿಯನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಇಂಥ ಪರೀಕ್ಷಾ ಸಂಸ್ಥೆಯಲ್ಲಿ ಒಪ್ಪಿಗೆ ಮಾಡಿಸಿರಬೇಕು. ಆ ಸರ್ಟಿಫಿಕೇಟಿನ ಪ್ರತಿ ಕೇಳಿ, ಅದರಲ್ಲಿರುವ ಗಾಡಿ ಮಾದರಿಯೂ ನಿಮಗೆ ಕಟ್ಟಿಕೊಡುವ ಮಾದರಿಯೂ ಒಂದೇನಾ ನೋಡಿ. ಬಾಡಿ ಬೇರೆಯವರು ಕಟ್ಟಿದ ಗಾಡಿಗೆ, ಅದು ನಿಯಮದಂತೆ ಇದೆ ಅನ್ನುವ ಪ್ರಮಾಣಪತ್ರವಾದ ಫಾರಂ 22-ಎ ಇರುತ್ತದೆ, ಅದರ ಎರಡನೇ ಭಾಗಕ್ಕೆ ಬಾಡಿ ಬಿಲ್ಡರ್ ಸಹಿ ಹಾಕಬೇಕು. ಸಹಿ ಹಾಕಲು ಹಿಂದೆಮುಂದೆ ನೋಡುವವರ ಹತ್ತಿರ ವ್ಯಾಪಾರ ಬೇಡ.

ಆರ್‌ಸಿಯಲ್ಲಿ ವಾಹನದ ವರ್ಗ ಏನಿದೆ ಅನ್ನುವುದು ಮುಖ್ಯ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಕೇಂದ್ರದ ಪಟ್ಟಿಯಲ್ಲಿ ನಾನ್-ಟ್ರಾನ್ಸ್‌ಪೋರ್ಟ್ ವಾಹನ, ಅಂದರೆ ಬಿಳಿ ಬೋರ್ಡು. ಮೋಟಾರ್ ಕ್ಯಾರವಾನ್ ಅಂತ ಇರುವುದು ಟ್ರಾನ್ಸ್‌ಪೋರ್ಟ್ ಪಟ್ಟಿಯಲ್ಲಿ, ಅಂದರೆ ಹಳದಿ ಬೋರ್ಡು. ಎಷ್ಟೋ ಗಾಡಿಗಳಲ್ಲಿ ಆರ್‌ಸಿಯಲ್ಲಿ ಓಮ್ನಿ ಬಸ್, ಅಂದರೆ ಜನ ಕೂರುವ ವ್ಯಾನು, ಅಂತಿದ್ದು ಒಳಗೆ ಮಂಚ, ಒಲೆ ಇರುತ್ತದೆ. ಚೆಕ್‌ಪೋಸ್ಟಿನಲ್ಲಿ ದಂಡ ಕಟ್ಟಿ ಬರಬಹುದು ಬಿಡಿ, ನಿಜವಾದ ಪೆಟ್ಟು ಬೀಳುವುದು ಅಪಘಾತವಾದಾಗ. ಇನ್ಶೂರೆನ್ಸ್ ಸರ್ವೇಯರ್ ಮೊದಲು ನೋಡುವುದೇ ಆರ್‌ಸಿಗೂ ಗಾಡಿಗೂ ಹೊಂದಿಕೆ ಇದೆಯಾ ಅಂತ. ಪಾಲಿಸಿ ಮಾಡಿಸುವಾಗ ಒಳಗಿನ ಎಸಿ, ಬ್ಯಾಟರಿ, ಪೀಠೋಪಕರಣದ ಬೆಲೆ ಸೇರಿಸಿ ಬರೆಸಿ. ಬರೆಸದಿದ್ದರೆ ಬರಿ ಟಿಟಿ ಬೆಲೆಗೆ ವಿಮೆ, ಒಳಗೆ ಹಾಕಿದ ಹತ್ತು ಹನ್ನೆರಡು ಲಕ್ಷ ಲೆಕ್ಕಕ್ಕೇ ಇಲ್ಲ. ಕೆಎ 17 ಆರ್‌ಟಿಒ ಕಚೇರಿಗೆ ಒಮ್ಮೆ ಮೊದಲೇ ಹೋಗಿ, ಈ ಸರ್ಟಿಫಿಕೇಟ್ ಇದ್ದರೆ ಯಾವ ವರ್ಗದಲ್ಲಿ ನೋಂದಾಯಿಸುತ್ತೀರಿ, ತೆರಿಗೆ ಎಷ್ಟು ಅಂತ ಕೇಳಿಕೊಂಡು ಬನ್ನಿ. ಏಜೆಂಟರ ಮಾತು ನಂಬಬೇಡಿ.

ಇನ್ನು ಬಾಳಿಕೆ. ಎಂಜಿನ್ ಬಗ್ಗೆ ನನಗೆ ಚಿಂತೆ ಇಲ್ಲ. ಕ್ಯಾಂಪರ್ ವ್ಯಾನನ್ನು ಕೊಲ್ಲುವುದು ನೀರು. ಚಾವಣಿಗೆ ಎಸಿ, ಫ್ಯಾನು, ಸೋಲಾರ್ ಕೂರಿಸಲು ತೂತು ಹೊಡೆದಿರುತ್ತಾರೆ. ಸುತ್ತ ಮಾಮೂಲಿ ಸಿಲಿಕಾನ್ ಹಚ್ಚಿದ್ದರೆ ನಮ್ಮ ಬಿಸಿಲಿಗೆ ಅದು ಒಂದೆರಡು ವರ್ಷದಲ್ಲಿ ಅಂಚು ಬಿಡುತ್ತದೆ. ಪಾಲಿಯುರೆಥೇನ್ ಸೀಲೆಂಟ್ ಹಾಕಿ ಅಂತ ಹೇಳಿ. ಸೋರಿದ ನೀರು ತೂತಿನ ಕೆಳಗೇ ಕಾಣುವುದಿಲ್ಲ, ಒಳಗಿನ ಶೀಟಿನ ಹಿಂದೆ ಹರಿದು ಎಲ್ಲೋ ಕಪಾಟಿನ ಮೂಲೆಯಲ್ಲಿ ಕಪ್ಪು ಕಲೆಯಾಗಿ ಬರುತ್ತದೆ, ಅಷ್ಟು ಹೊತ್ತಿಗೆ ಪ್ಲೈವುಡ್ ಉಬ್ಬಿರುತ್ತದೆ. ಪ್ಲೈ ಮೇಲೆ ಐಎಸ್ 710 ಸೀಲು ಇದೆಯಾ ನೋಡಿ, ಅದು ಮರೀನ್ ಪ್ಲೈ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಂದರೆ ಬೇಡವೇ ಬೇಡ. ಡೆಲಿವರಿ ದಿನ ಪೈಪು ಹಿಡಿದು ಚಾವಣಿ ಮೇಲೆ ಅರ್ಧ ಗಂಟೆ ನೀರು ಬಿಡಿಸಿ, ಒಳಗೆ ಟಾರ್ಚ್ ಹಿಡಿದು ಎಲ್ಲ ಕಪಾಟು ತೆಗೆದು ಬೆರಳು ಆಡಿಸಿ. ಅವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಒಳಗಿನ ನೀರೂ ಅಷ್ಟೇ. ನಮ್ಮ ಎರಡೂ ಜಿಲ್ಲೆಯ ಬೋರ್‌ವೆಲ್ ನೀರು ಗಡುಸು, ಗೀಸರಿನ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಸಣ್ಣ ಪಂಪಿನ ವಾಲ್ವಿನಲ್ಲೂ ಕೂರುತ್ತದೆ. ಟ್ಯಾಂಕಿಗೆ ನಲ್ಲಿ ನೀರು ತುಂಬಿ, ಪಂಪಿನ ಮುಂದೆ ಜಾಲರಿ ಫಿಲ್ಟರ್ ಇರಲಿ, ಪಂಪು ಕೈಗೆ ಸಿಗುವ ಜಾಗದಲ್ಲಿರಲಿ. ಸಿಂಕ್ ಬಿಚ್ಚದೆ ಪಂಪು ತೆಗೆಯಲು ಆಗುವುದಿಲ್ಲ ಅಂದರೆ ಅದನ್ನು ಕಟ್ಟಿದವನು ರಿಪೇರಿ ಬಗ್ಗೆ ಯೋಚಿಸಿಯೇ ಇಲ್ಲ.

ರಾತ್ರಿಯಿಡೀ ಎಸಿ ಓಡುತ್ತದೆ ಅಂತ ಹೇಳಿದ್ದಾರಾ? ಲೆಕ್ಕ ಹಾಕಿ, ನಿಮಗೆ ಕಷ್ಟವಲ್ಲ. 12.8 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು 2,560 ವ್ಯಾಟ್-ಅವರ್, ಅಂದರೆ ಎರಡೂವರೆ ಯೂನಿಟ್ಟು. ಒಂದು ಟನ್ ಎಸಿ ಒಂದು ಕಿಲೋವ್ಯಾಟಿನಲ್ಲಿ ಓಡಿದರೆ ಎರಡು ಗಂಟೆ ಚಿಲ್ಲರೆ. ಇನ್ವರ್ಟರ್ ಎಸಿಯಾಗಿ, ತಣ್ಣಗಾದ ಮೇಲೆ ಅರ್ಧಕ್ಕೆ ಇಳಿದರೂ ನಾಲ್ಕೈದು ಗಂಟೆ. ಏಪ್ರಿಲ್ಲಿನ ದಾವಣಗೆರೆಯಲ್ಲಿ ಅದು ನಿಧಾನ ಮಾಡುವುದೇ ಇಲ್ಲ. ಮನೆ ಯುಪಿಎಸ್‌ಗೆ ಹಾಕುವಂಥ ಟ್ಯೂಬುಲರ್ ಬ್ಯಾಟರಿಯಾದರೆ ಅರ್ಧದಷ್ಟೇ ಬಳಸಬೇಕು, ಇಲ್ಲವಾದರೆ ಬೇಗ ಸಾಯುತ್ತದೆ. ಬ್ಯಾಟರಿ ಎಲ್ಲಿ ಇಟ್ಟಿದ್ದಾರೆ ಅಂತಲೂ ನೋಡಿ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ವ್ಯಾನಿನ ಒಳಗೆ ಹೊರಗಿನ 40 ಡಿಗ್ರಿಗಿಂತ ಎಷ್ಟೋ ಜಾಸ್ತಿ ಇರುತ್ತದೆ. ಎಷ್ಟು ಡಿಗ್ರಿ ಮೀರಿ ಚಾರ್ಜ್ ಮಾಡಬಾರದು ಅಂತ ಬ್ಯಾಟರಿಯ ಕಾಗದದಲ್ಲೇ ಬರೆದಿರುತ್ತದೆ, ಮೀರಿಸಿದರೆ ಆ ವಾರಂಟಿಯೂ ಇಲ್ಲ. ಮನೆ ಮುಂದೆ ನಿಲ್ಲಿಸಿ ಎಕ್ಸ್‌ಟೆನ್ಷನ್ ವೈರ್ ಎಳೆದು ಚಾರ್ಜ್ ಹಾಕುವವರು ಮರೆಯಬಾರದ್ದು ಅರ್ಥಿಂಗ್. ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ವ್ಯಾನಿನೊಳಗೆ ಇರಲೇಬೇಕು. ಇಡೀ ಗಾಡಿ ಕಬ್ಬಿಣ, ನಿಂತಿರುವುದು ರಬ್ಬರ್ ಟೈರ್ ಮೇಲೆ. ಒಳಗೆ ಒಂದು ವೈರು ಸವೆದು ಬಾಡಿಗೆ ತಾಗಿದರೆ, ಕೆಳಗೆ ನಿಂತು ಬಾಗಿಲಿಗೆ ಕೈ ಹಾಕಿದವರಿಗೆ ಶಾಕ್.

ಗ್ಯಾಸ್ ಒಲೆ ಇದ್ದರೆ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಗೆ ತೆರೆಯುವ ಕಿಂಡಿ ಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಕೆಳಗೆ ಇಳಿದು ಕೂರುತ್ತದೆ. ನನ್ನ ಕೇಳಿದರೆ ಇಂಡಕ್ಷನ್ ಸಾಕು. ಬ್ಯಾಟರಿ ಸಾಲದಿದ್ದರೆ ಬೆಳಗ್ಗೆ ಎಲ್ಲಾದರೂ ಬೆಣ್ಣೆ ದೋಸೆ ತಿನ್ನಿ.

ತೂಕ ಮರೆಯಬೇಡಿ. ಆರ್‌ಸಿಯಲ್ಲಿ ಲೇಡನ್ ವೇಟ್ ಅಂತ ಇರುತ್ತದೆ, ಎಲ್ಲ ತುಂಬಿದಾಗ ಅದನ್ನು ಮೀರಬಾರದು. ನೂರು ಲೀಟರ್ ನೀರು ಅಂದರೆ ನೂರು ಕೆಜಿ. ಪ್ಲೈವುಡ್, ಗ್ರಾನೈಟ್ ಕಟ್ಟೆ, ಎಸಿ, ಬ್ಯಾಟರಿ, ಎಲ್ಲ ಸೇರಿದರೆ ಎಲ್ಲಿಗೆ ಹೋಗುತ್ತದೆ ಗೊತ್ತಾಗುವುದಿಲ್ಲ. ಗ್ರಾನೈಟ್ ಅಂತ ತಮಾಷೆಗೆ ಹೇಳಲಿಲ್ಲ, ಹಾಕಿಸಿದವರನ್ನು ನೋಡಿದ್ದೇನೆ. ನೀರು, ಡೀಸೆಲ್ ತುಂಬಿಸಿ, ನೀವಿಬ್ಬರೂ ಕೂತು, ಎಪಿಎಂಸಿ ಕಡೆ ಯಾವುದಾದರೂ ವೇ ಬ್ರಿಡ್ಜಿಗೆ ಹೋಗಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ತೂಗಿಸಿ. ಹಿಂದೆ ಜಾಸ್ತಿ ಬಿದ್ದಿದ್ದರೆ ಟೈರು, ಸ್ಪ್ರಿಂಗ್ ಪಟ್ಟಿ, ಬ್ರೇಕು ಎಲ್ಲ ಬೇಗ ಹೋಗುತ್ತವೆ, ಕಂಪನಿಯವರು ತೂಕದ ಚೀಟಿ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಎಸಿ ಸೇರಿ ಗಾಡಿ ಎತ್ತರ ಎಷ್ಟು ಅಂತಲೂ ಅಳೆದು ಸ್ಟೇರಿಂಗ್ ಎದುರು ಬರೆದು ಅಂಟಿಸಿ. ರೈಲ್ವೆ ಅಂಡರ್‌ಪಾಸಿನಲ್ಲಿ ಒಡೆದ ಎಸಿಗೆ ಯಾವ ವಾರಂಟಿಯೂ ಇಲ್ಲ.

ನಿಂತ ಗಾಡಿಯ ಕಷ್ಟ ಬೇರೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅಂತ ಮಸಿ ಹಿಡಿಯುವ ಫಿಲ್ಟರ್ ಇದೆ. ಅದು ಶುದ್ಧವಾಗಲು ಗಾಡಿ ಒಂದಷ್ಟು ಹೊತ್ತು ಒಳ್ಳೆ ವೇಗದಲ್ಲಿ ಓಡಬೇಕು. ವಿದ್ಯಾನಗರದಿಂದ ಮಂಡಿಪೇಟೆಗೆ ಹೋಗಿ ಬಂದರೆ ಅದು ಆಗುವುದಿಲ್ಲ, ಎಂಜಿನ್ ಆನ್ ಇಟ್ಟು ಎಸಿ ಹಾಕಿ ಮಲಗಿದರಂತೂ ಇನ್ನೂ ಬೇಗ ಕಟ್ಟಿಕೊಳ್ಳುತ್ತದೆ. ತಿಂಗಳಿಗೆ ಒಂದೆರಡು ಸಲ ಎನ್‌ಎಚ್ 48ರಲ್ಲಿ ಚಿತ್ರದುರ್ಗದ ತನಕ ಬಂದು ಹೋಗಿ, ಹೋಗಲು 60 ಕಿಲೋಮೀಟರ್, ಸಾಕು. ಆಮೇಲೆ ಇಲಿ. ನಮ್ಮ ಕಡೆ ಭತ್ತ, ಮೆಕ್ಕೆಜೋಳ ಇರುವ ಜಾಗದಲ್ಲಿ ಇಲಿ ಕಾಟ ಎಷ್ಟು ಅಂತ ನಿಮಗೆ ಹೇಳಬೇಕಿಲ್ಲ. ಬಾನೆಟ್ಟಿನೊಳಗಿನ ವೈರ್ ಕಟ್ಟನ್ನು ಒಂದೇ ರಾತ್ರಿಯಲ್ಲಿ ಕತ್ತರಿಸುತ್ತದೆ, ವಾರಂಟಿ ಇಲಿಗೆ ಬರುವುದಿಲ್ಲ. ವಿಮೆಯಲ್ಲಿ ಅದಕ್ಕೆ ರಕ್ಷಣೆ ಇದೆಯಾ ಅಂತ ಪಾಲಿಸಿ ಕೊಳ್ಳುವಾಗಲೇ ಕೇಳಿ. ರೋಡ್‌ಸೈಡ್ ಅಸಿಸ್ಟೆನ್ಸ್ ಕೊಡುವವರನ್ನೂ ಕೇಳಿ, ಇಷ್ಟು ಎತ್ತರದ, ಇಷ್ಟು ತೂಕದ ಗಾಡಿಯನ್ನು ಎತ್ತಿಕೊಂಡು ಹೋಗುವ ಟ್ರಕ್ ನಿಮ್ಮ ಹತ್ತಿರ ಇದೆಯಾ ಅಂತ. ಕಾರಿಗೆ ಬರುವವರು ಇದಕ್ಕೆ ಬರುವುದಿಲ್ಲ.

ದುಡ್ಡು ಕೊಡುವ ರೀತಿ. ಪೂರ್ತಿ ಕೊಟ್ಟ ಮೇಲೆ ಫೋನ್ ಎತ್ತುವ ವೇಗ ಕಡಿಮೆಯಾಗುತ್ತದೆ, ಇದು ಎಲ್ಲ ಕಸುಬಿನಲ್ಲೂ ಇದ್ದದ್ದೇ. ಹತ್ತು ಪರ್ಸೆಂಟಾದರೂ ಡೆಲಿವರಿಯ ಒಂದು ತಿಂಗಳ ಮೇಲೆ ಅಂತ ಒಪ್ಪಂದದಲ್ಲಿ ಬರೆಸಿ. ಡೆಲಿವರಿ ತಗೊಂಡ ದಿನ ನೇರ ಮನೆಗೆ ಬರಬೇಡಿ. ಹೆದ್ದಾರಿ ನುಣುಪಾಗಿದೆ, ಅಲ್ಲಿ ಏನೂ ಅಲುಗಾಡುವುದಿಲ್ಲ. ಹಿರಿಯೂರಿನಲ್ಲಿ ತಿರುಗಿ ವಾಣಿವಿಲಾಸ ಸಾಗರದ ಕಡೆ ಹೋಗಿ, ಒಳರಸ್ತೆಗಳಲ್ಲಿ ಓಡಾಡಿಸಿ, ಒಂದು ರಾತ್ರಿ ಅಲ್ಲೇ ಎಲ್ಲಾದರೂ ಸರಿಯಾದ ಜಾಗದಲ್ಲಿ ನಿಲ್ಲಿಸಿ ಮಲಗಿ. ಎಸಿ, ಪಂಪು, ಫ್ರಿಡ್ಜು, ಗೀಸರು ಎಲ್ಲ ಒಟ್ಟಿಗೆ ಹಾಕಿ. ಏನಾದರೂ ಬಿಚ್ಚಿಕೊಂಡರೆ ಅಲ್ಲಿಂದ ಬೆಂಗಳೂರು 160 ಕಿಲೋಮೀಟರ್ ಅಷ್ಟೇ, ಬೆಳಗ್ಗೆ ವಾಪಸ್ ಹೋಗಿ ನಿಲ್ಲಿಸಬಹುದು. ದಾವಣಗೆರೆ ತನಕ ಬಂದುಬಿಟ್ಟರೆ ನಾಳೆ ನೋಡೋಣ ಅನ್ನುವುದು ಶುರುವಾಗುತ್ತದೆ.

ಏನೇ ತೊಂದರೆಯಾದರೂ ಜಾಬ್ ಕಾರ್ಡ್, ಅಂದರೆ ರಿಪೇರಿಗೆ ಕೊಟ್ಟಾಗ ಬರೆಯುವ ಚೀಟಿ, ಮಾಡಿಸಿ, ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ. ಅವರು ಜನರಲ್ ಚೆಕಪ್ ಅಂತ ಬರೆಯಲು ನೋಡುತ್ತಾರೆ. ಮೂರು ಸಲ ಅದೇ ದೂರು ಮೂರು ಕಾರ್ಡಿನಲ್ಲಿದ್ದರೆ ಅದು ಸಾಕ್ಷಿ.

ಪುಣೆಯ 18 ಲಕ್ಷದ ಗಾಡಿ? ಬೆಲೆ ಆಸೆ ಹುಟ್ಟಿಸುತ್ತದೆ, ಒಪ್ಪುತ್ತೇನೆ. ಆದರೆ ಅಲ್ಲಿ ಮೂರು ವಾರಂಟಿಯಲ್ಲಿ ಬಹುಶಃ ಒಂದೂ ಉಳಿದಿರುವುದಿಲ್ಲ. ಗಾಡಿ ಕಂಪನಿಯದು ಏನಾದರೂ ಉಳಿದಿದ್ದರೆ ಅದು ಎರಡನೇ ಮಾಲೀಕರಿಗೆ ವರ್ಗಾವಣೆ ಆಗುತ್ತದಾ ಅಂತ ಲಿಖಿತವಾಗಿ ಕೇಳಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತಂದು ಇಲ್ಲಿ ಮತ್ತೆ ನೋಂದಾಯಿಸಬೇಕು, ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳು ಮೀರಿ ಇಟ್ಟುಕೊಳ್ಳುವಂತಿಲ್ಲ, ಇಲ್ಲಿನ ತೆರಿಗೆ ಬೇರೆ. ಆರ್‌ಸಿಯಲ್ಲಿ ಕ್ಯಾಂಪರ್ ವ್ಯಾನ್ ಅಂತ ಇಲ್ಲದಿದ್ದರೆ ಅಲ್ಲಿಗೇ ಕೈಬಿಡಿ, ನಮ್ಮ ಆರ್‌ಟಿಒ ಮುಂದೆ ಅದನ್ನು ಸರಿಪಡಿಸುವುದು ನಿಮ್ಮ ವಯಸ್ಸಿನಲ್ಲಿ ಬೇಡದ ಅಲೆದಾಟ. ಇದ್ದರೆ ಒಂದು ಸಲ ನೋಡಿ ಬನ್ನಿ, ಹೋಗುವಾಗ ಮೆಕ್ಯಾನಿಕ್ ಬದಲು ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆದುಕೊಂಡು ಹೋಗಿ, ಕಪಾಟಿನ ಮೂಲೆಗಳನ್ನು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಚಾವಣಿ ಸೋರಿದೆ. ಬ್ಯಾಟರಿ ಹೊಸದು ಹಾಕಿಸಬೇಕಾಗುತ್ತದೆ ಅಂತ ಮೊದಲೇ ಲೆಕ್ಕ ಹಿಡಿದು ಬೆಲೆ ಮಾತಾಡಿ. ನನ್ನ ಮನಸ್ಸು ಕೇಳಿದರೆ ಬೆಂಗಳೂರಿನ ಹೊಸದೇ ಸರಿ, ಮೇಲೆ ಹೇಳಿದ ಆ ಒಂದು ಸಾಲಿಗೆ ಅವರು ಸಹಿ ಹಾಕಿದರೆ ಮಾತ್ರ.

ಕೊನೆಗೆ ಮಗನ ಬಾಡಿಗೆ ಯೋಚನೆ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಬಿಡುವಂತಿಲ್ಲ, ಬಿಟ್ಟು ಅಪಘಾತವಾದರೆ ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ, ಬೆಂಗಳೂರಿನವರ ಮೇಲೆ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗವೇ ನೋಡುತ್ತದೆ, 20 ರಿಂದ 50 ಲಕ್ಷದ ವ್ಯವಹಾರಕ್ಕೆ ಶುಲ್ಕ ಒಂದು ಸಾವಿರ ರೂಪಾಯಿ, ತೊಂದರೆ ಆದ ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ಕಂಪನಿಗೆ ದೂರು ದಾಟಿಸುತ್ತಾರೆ, ಎಷ್ಟೋ ಸಲ ಅಷ್ಟಕ್ಕೇ ಕೆಲಸ ಆಗುತ್ತದೆ. 265 ಕಿಲೋಮೀಟರ್ ದೂರದವರನ್ನು ನಿಮ್ಮೂರಿಗೆ ಕರೆಸುವ ಒಂದೇ ಹಗ್ಗ ಇದು. ಆದರೆ ಈ ಕಾಯ್ದೆ ವ್ಯಾಪಾರದ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕ ಅನ್ನುವುದಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಕೊಂಡವರಿಗೆ ವಿನಾಯಿತಿ ಇದೆ, ಪಿಂಚಣಿ ಬರುವ ಮೇಷ್ಟ್ರಿಗೆ ಆ ವಾದ ನಿಲ್ಲುವುದು ಕಷ್ಟ. ಮಗ ಎಲ್ಲಾದರೂ ಬಾಡಿಗೆಗೆ ಇದೆ ಅಂತ ಒಂದು ಜಾಹೀರಾತು ಹಾಕಿದರೆ ಎದುರಿನ ವಕೀಲರು ಅದನ್ನೇ ತಂದು ಆಯೋಗದ ಮುಂದೆ ಇಡುತ್ತಾರೆ. ಬಾಡಿಗೆಗೇ ಬಿಡಬೇಕು ಅಂತ ಅವನಿಗೆ ಇದ್ದರೆ ಹಳದಿ ಬೋರ್ಡು, ಪರ್ಮಿಟ್ಟು, ಎಫ್‌ಸಿ, ಅದಕ್ಕೆ ತಕ್ಕ ವಿಮೆ ಸಮೇತ ಬೇರೆ ಗಾಡಿ ಮಾಡಲಿ, ಅವನ ಹೆಸರಿನಲ್ಲಿ.